ಅಜ್ಜನ ಕೈಯಲ್ಲಿ ಯಾವ ಕಾಗದ ಇತ್ತು?

ಮಂಗಳೂರು, ಉಡುಪಿ ಕಡೆಯವರು ತಮ್ಮ ಬಗ್ಗೆ ಹೇಳಿಕೊಳ್ಳುವ ಕಥೆ ಹೆಚ್ಚುಕಡಿಮೆ ಒಂದೇ. ಹುಡುಗ ಉಟ್ಟ ಬಟ್ಟೆಯಲ್ಲಿ ಬೊಂಬಾಯಿಗೆ ಹೋದ. ಹೋಟೆಲಿನಲ್ಲಿ ಲೋಟ ತೊಳೆದ. ರಾತ್ರಿ ಶಾಲೆಯಲ್ಲಿ ಓದಿದ. ಆಮೇಲೆ ಸ್ವಂತ ಹೋಟೆಲ್ ಇಟ್ಟ. ಮಗ ಇಂಜಿನಿಯರ್ ಆದ, ಮೊಮ್ಮಗಳು ಅಮೆರಿಕದಲ್ಲಿದ್ದಾಳೆ. ಕಥೆ ಸುಳ್ಳಲ್ಲ, ಇಂಥ ಮನೆಗಳು ಊರೂರಿನಲ್ಲೂ ಇವೆ. ತೊಂದರೆ ಇರುವುದು ಇದರ ಹಿಂದೆಯೇ ಬರುವ ಮಾತಿನಲ್ಲಿ: ಇಲ್ಲಿ ದುಡಿದವರೆಲ್ಲ ಮೇಲೆ ಬಂದಿದ್ದಾರೆ, ಬಾರದವರು ದುಡಿಯಲಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಈ ಮಾತು ಕೇಳಿಸುತ್ತದೆ, ಪೇಪರಿನ ಓದುಗರ ಪತ್ರದಲ್ಲೂ ಕಾಣುತ್ತದೆ.

ಹಾಗೆ ಅನ್ನಿಸುವುದಕ್ಕೆ ಕಾರಣವೂ ಇದೆ. ತಲಾ ಆದಾಯದಲ್ಲಿ ಬೆಂಗಳೂರು ನಗರ ಜಿಲ್ಲೆ ಬಿಟ್ಟರೆ ದಕ್ಷಿಣ ಕನ್ನಡವೇ ಮುಂದೆ, ಉಡುಪಿ ಅದರ ಹಿಂದೆಯೇ ಇದೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88 ದಾಟಿತ್ತು, ಉಡುಪಿಯದು ಶೇ. 86. ಪಿಯುಸಿ ಫಲಿತಾಂಶ ಬಂದ ದಿನ ಈ ಎರಡು ಜಿಲ್ಲೆಗಳಲ್ಲಿ ಯಾವುದು ಮೊದಲು ಅನ್ನುವುದೇ ಚರ್ಚೆ. ಆದರೆ ಸರಾಸರಿಗೆ ಒಂದು ಗುಣ ಇದೆ. ಅದು ಯಾರು ಒಳಗೆ, ಯಾರು ಹೊರಗೆ ಅಂತ ಹೇಳುವುದಿಲ್ಲ.

ಈಗ ಈ ಮಾತು ಎತ್ತಲು ಕಾರಣ ಸಮೀಕ್ಷೆಗಳು. 2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕರು 60 ಪ್ರಶ್ನೆ ಹಿಡಿದು ಮನೆಮನೆ ಸುತ್ತಿದರು. 2027ರ ಜನಗಣತಿಯಲ್ಲಿ ಜಾತಿಯನ್ನೂ ಕೇಳುವುದಾಗಿ ಕೇಂದ್ರ ಸರ್ಕಾರ ಹೇಳಿದೆ. ಗದ್ದಲವೆಲ್ಲ ತಲೆ ಎಣಿಕೆಯ ಬಗ್ಗೆ: ನಮ್ಮವರು ಎಷ್ಟು, ಅವರು ಎಷ್ಟು. ಅದು ರಾಜಕೀಯಕ್ಕೆ ಬೇಕಾದ ಲೆಕ್ಕ, ಇರಲಿ. ಆದರೆ ನಿಜವಾಗಿ ತಿಳಿಯಬೇಕಾದದ್ದು ಬೇರೆ. ಅಜ್ಜ ಎಲ್ಲಿದ್ದ, ಅಪ್ಪ ಎಲ್ಲಿಗೆ ಬಂದ, ಮಗಳು ಎಲ್ಲಿ ತಲುಪಿದಳು? ಒಂದೇ ಕಡೆಯಿಂದ ಹೊರಟ ಇಬ್ಬರಲ್ಲಿ ಒಬ್ಬರು ಯಾಕೆ ಹಿಂದೆ ಉಳಿದರು?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ಅಮೆರಿಕದ ಅರ್ಥಶಾಸ್ತ್ರಜ್ಞರು. ರಾಜ್ ಚೆಟ್ಟಿ ಮತ್ತು ಜೊತೆಗಾರರು 2018ರಲ್ಲಿ ಒಂದು ಅಧ್ಯಯನ ಹೊರತಂದರು. ಸುಮಾರು 2 ಕೋಟಿ ಅಮೆರಿಕನ್ನರ ತೆರಿಗೆ ಮತ್ತು ಜನಗಣತಿ ದಾಖಲೆ ಜೋಡಿಸಿ, ತಂದೆ ತಾಯಿಯ ಆದಾಯದ ಪಕ್ಕದಲ್ಲಿ ಮಕ್ಕಳ ಆದಾಯ ಇಟ್ಟು ನೋಡಿದರು. ಅವರ ಉಪಾಯ ಸರಳ. ಬಡ ಕಪ್ಪು ಮನೆಯನ್ನು ಶ್ರೀಮಂತ ಬಿಳಿ ಮನೆಯ ಜೊತೆ ಹೋಲಿಸಲಿಲ್ಲ. ಒಂದೇ ಆದಾಯದ ಕಪ್ಪು ಮನೆ, ಬಿಳಿ ಮನೆಗಳ ಮಕ್ಕಳನ್ನು ಹೋಲಿಸಿದರು. ಅಂತರ ಆಗಲೂ ಉಳಿಯಿತು. ಒಂದೇ ಬೀದಿಯಲ್ಲಿ ಬೆಳೆದ, ಒಂದೇ ಆದಾಯದ ಮನೆಯ ಹುಡುಗರಲ್ಲೂ ಕಪ್ಪು ಹುಡುಗ ದೊಡ್ಡವನಾದ ಮೇಲೆ ಕಡಿಮೆ ಗಳಿಸುತ್ತಿದ್ದ. ದೇಶದ ಶೇ. 99ರಷ್ಟು ವಠಾರಗಳಲ್ಲಿ ಹೀಗೆಯೇ. ಇನ್ನೊಂದು ಸಂಗತಿ ನನ್ನನ್ನು ಜಾಸ್ತಿ ಕಾಡಿದ್ದು. ಮೇಲಿನ ಐದನೇ ಒಂದು ಭಾಗದ ಆದಾಯವಿರುವ ಮನೆಯಲ್ಲಿ ಹುಟ್ಟಿದ ಕಪ್ಪು ಮಗು ಅಲ್ಲೇ ಉಳಿಯುವ ಸಾಧ್ಯತೆ ಎಷ್ಟೋ, ತಳದ ಐದನೇ ಭಾಗಕ್ಕೆ ಜಾರುವ ಸಾಧ್ಯತೆಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಮೇಲೆ ಹತ್ತುವುದು ಮಾತ್ರ ಕಷ್ಟವಲ್ಲ, ಹತ್ತಿದ ಮೇಲೆ ಅಲ್ಲಿ ನಿಲ್ಲುವುದೂ ಕಷ್ಟ. ಹುಡುಗಿಯರಲ್ಲಿ ಮಾತ್ರ ಚಿತ್ರ ಬೇರೆ. ಒಂದೇ ಆದಾಯದ ಮನೆಗಳಿಂದ ಬಂದ ಕಪ್ಪು, ಬಿಳಿ ಹೆಂಗಸರ ಗಳಿಕೆಯಲ್ಲಿ ಅಂತರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹುಟ್ಟಿನಲ್ಲೇ ಬುದ್ಧಿ ಕಡಿಮೆ ಅನ್ನುವ ಹಳೆಯ ವಾದಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಾ? ಅಣ್ಣ ತಂಗಿಯರು ಒಂದೇ ರಕ್ತ ತಾನೇ.

ಜಾತಿ ಬೇರೆ, ಜನಾಂಗ ಬೇರೆ. ಅಮೆರಿಕದ ಸಂಖ್ಯೆಯನ್ನು ಎತ್ತಿ ಸುರತ್ಕಲ್ಲಿಗೆ ಹಚ್ಚಲು ಆಗುವುದಿಲ್ಲ. ಆದರೆ ಕೇಳುವ ರೀತಿಯನ್ನು ತರಬಹುದು. ತರುವಾಗ ನಮ್ಮ ಕಡೆ ಒಂದು ಮೋಜಿನ ತೊಡಕು ಎದುರಾಗುತ್ತದೆ. ಅವರು ಅಳೆದದ್ದು ಅಪ್ಪ ಅಮ್ಮನ ಆದಾಯವನ್ನು. ನಮ್ಮ ಬಂಟರು, ಬಿಲ್ಲವರು, ಮೊಗವೀರರಲ್ಲಿ ಆಸ್ತಿ ಇಳಿಯುತ್ತಿದ್ದದ್ದು ಅಳಿಯಸಂತಾನದ ಕಟ್ಟಿನಲ್ಲಿ, ಅಂದರೆ ತಾಯಿಯ ಕವಲಿನಲ್ಲಿ. ಯಜಮಾನಿಕೆ ಸೋದರಮಾವನದು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿಕೊಡುವ ತನಕ ಅಪ್ಪನ ಸಿರಿತನಕ್ಕೂ ಮಗನ ಪಾಲಿಗೂ ನೇರ ಸಂಬಂಧವೇ ಇರಲಿಲ್ಲ. ಹಾಗಾಗಿ ಇಲ್ಲಿ ಅಜ್ಜನ ಕಾಲಕ್ಕೆ ಹೋಗುವವರು ಮಾವನ ಮನೆಯ ಕಾಗದವನ್ನೂ ಬಿಚ್ಚಬೇಕು.

ಕಾಗದ ಅಂದೆ. ಕರಾವಳಿಯ ಮೂರು ತಲೆಮಾರಿನ ಕಥೆಯ ತಿರುಳು ಇರುವುದೇ ಅಲ್ಲಿ.

ಅವಿಭಜಿತ ದಕ್ಷಿಣ ಕನ್ನಡ ಗೇಣಿಯ ಜಿಲ್ಲೆ. ಭೂಮಿ ಇದ್ದದ್ದು ಮಠ, ದೇವಸ್ಥಾನ, ಬ್ರಾಹ್ಮಣ, ಜೈನ, ಬಂಟ ಧಣಿಗಳ ಕೈಯಲ್ಲಿ, ಸ್ವಲ್ಪ ಮಟ್ಟಿಗೆ ಕೊಂಕಣಿ ಮನೆತನಗಳಲ್ಲಿ. ಉಳುತ್ತಿದ್ದವರು ಒಕ್ಕಲುಗಳು: ಬಿಲ್ಲವರು, ಸಣ್ಣ ಹಿಡುವಳಿಯ ಬಂಟರು, ಗೌಡರು, ಕೆಥೊಲಿಕರು, ಕುಲಾಲರು. ವರ್ಷಕ್ಕೆ ಇಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ ಅಂತ ಗೇಣಿ. ಮೂಲಗೇಣಿಯವನಿಗೆ ಒಂದಿಷ್ಟು ಭದ್ರತೆ ಇತ್ತು. ಚಾಲಗೇಣಿಯವನನ್ನು ಧಣಿ ಮನಸ್ಸು ಬಂದಾಗ ಎಬ್ಬಿಸಬಹುದಿತ್ತು. ಇವರೆಲ್ಲರ ಕೆಳಗೆ, ಒಕ್ಕಲಿನ ಗದ್ದೆಯಲ್ಲಿ ಕೆಸರು ತುಳಿಯುತ್ತಿದ್ದವರು ದಲಿತ ಆಳುಗಳು. ಅವರು ಗೇಣಿದಾರರಲ್ಲ, ಮೂಲದಾಳುಗಳು, ಅಂದರೆ ತಲೆಮಾರಿನಿಂದ ಕಟ್ಟುಬಿದ್ದ ಆಳುಗಳು.

ಭೂ ಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆ ದಿನ ಗೇಣಿಗೆ ಇದ್ದ ಭೂಮಿಯೆಲ್ಲ ಸರ್ಕಾರದ್ದಾಯಿತು. ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ಭೂ ನ್ಯಾಯ ಮಂಡಳಿ ತೀರ್ಪು ಕೊಡಬೇಕು. ನಮ್ಮ ಕಡೆ ಇದಕ್ಕೆ ಇವತ್ತಿಗೂ ಡಿಕ್ಲರೇಷನ್ ಅನ್ನುತ್ತಾರೆ. ‘ಅದು ಡಿಕ್ಲರೇಷನ್ ಆದ ಜಾಗ’ ಅಂದರೆ ಸಾಕು, ಮನೆಯ ಅರ್ಧ ಚರಿತ್ರೆ ತಿಳಿಯಿತು. ರಾಜ್ಯದಲ್ಲಿ ಈ ಕಾಯ್ದೆ ಅತಿ ಹೆಚ್ಚು ಫಲ ಕೊಟ್ಟ ಜಾಗಗಳಲ್ಲಿ ನಮ್ಮ ಜಿಲ್ಲೆ ಮುಂಚೂಣಿಯಲ್ಲಿತ್ತು. ಧಣಿಯ ಗುತ್ತಿನ ಮನೆಯ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವನ ಮಗ ಹತ್ತೇ ವರ್ಷದಲ್ಲಿ ಎರಡು ಎಕರೆಯ ಧಣಿ. ಅದೇ ಜಾಗದಲ್ಲಿ ಅಡಿಕೆ ಹಾಕಿದ. ಬ್ಯಾಂಕ್ ಸಾಲ ಸಿಕ್ಕಿತು. ಮಗಳ ಮದುವೆಗೂ ಮಗನ ಡಿಪ್ಲೊಮಾಕ್ಕೂ ಅಡವಿಡಲು ಒಂದು ಆಸ್ತಿ ಇತ್ತು. ಹೆದ್ದಾರಿ ಪಕ್ಕದ ಜಾಗವಾಗಿದ್ದರಂತೂ ಮೂರನೇ ತಲೆಮಾರಿಗೆ ಕೇಳುವುದೇ ಬೇಡ.

ಆದರೆ ಕಾಯ್ದೆ ಭೂಮಿ ಕೊಟ್ಟದ್ದು ಗೇಣಿದಾರನಿಗೆ, ಕೂಲಿಯವನಿಗೆ ಅಲ್ಲ. ಉಳುವವನೇ ಹೊಲದೊಡೆಯ ಅನ್ನುವ ಘೋಷಣೆ ಚೆನ್ನಾಗಿಯೇ ಇದೆ. ಮಂಡಳಿಯ ಮುಂದೆ ಉಳುವವನು ಅಂದರೆ ನೇಗಿಲು ಹಿಡಿದವನಲ್ಲ, ಗೇಣಿ ಚೀಟಿ, ರಶೀದಿ, ಪಹಣಿಯಲ್ಲಿ ಹೆಸರು ಇದ್ದವನು. ಕೆಲವು ದಲಿತ ಮನೆಗಳು ಗೇಣಿಗೆ ಮಾಡುತ್ತಿದ್ದರೂ ಚೀಟಿ ಇರಲಿಲ್ಲ, ಎಲ್ಲ ಬಾಯಿಮಾತು. ಕೂಲಿಯವರಿಗೆ ಸಿಕ್ಕಿದ್ದು ವಾಸದ ಮನೆಯ ಅಡಿಜಾಗ. ಅದೂ ಎಲ್ಲರಿಗೂ ಅಲ್ಲ. ಎರಡು ಎಕರೆಗೂ ಐದು ಸೆಂಟ್ಸಿಗೂ ಇರುವ ಅಂತರ 1974ರಲ್ಲಿ ಒಂದಷ್ಟು ಮುಡಿ ಅಕ್ಕಿ. ಇವತ್ತು ಅದು ಮೆಡಿಕಲ್ ಸೀಟು.

ಜಾಗ ಇದ್ದವನಿಗೆ ಜಾಗ ಹೇಗೆ ಸೇರುತ್ತದೆ ಅನ್ನುವುದಕ್ಕೆ ಕುಮ್ಕಿ ಸಾಕ್ಷಿ. ಹಳೆಯ ವರ್ಗ ಜಾಗದ (ಕಂದಾಯ ಕಟ್ಟುವ ಖಾಸಗಿ ಜಾಗ) ಗಡಿಯಿಂದ 450 ಲಿಂಕ್ಸ್ (ಸುಮಾರು 90 ಮೀಟರ್) ಒಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರುವ ಸೌಲಭ್ಯ ವರ್ಗದಾರನಿಗೆ ಬ್ರಿಟಿಷರ ಕಾಲದಿಂದ ಇದೆ. ಸೊಪ್ಪಿನ ಜಾಗ ಕಾಲಕ್ರಮದಲ್ಲಿ ರಬ್ಬರ್ ತೋಟ ಆಯಿತು, ಈಗ ಅದನ್ನು ನಮ್ಮ ಹೆಸರಿಗೆ ಮಾಡಿಕೊಡಿ ಅನ್ನುವ ಬೇಡಿಕೆ ಎಲ್ಲ ಚುನಾವಣೆಯಲ್ಲೂ ಏಳುತ್ತದೆ. ಅದೇ ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿಯೂ ಇದೆ. ಅದನ್ನು ಅಳತೆ ಮಾಡಿ ಹಂಚಿ, ಒತ್ತುವರಿ ಬಿಡಿಸಿ ಅಂತ ಎರಡೂ ಜಿಲ್ಲೆಗಳ ದಲಿತ ಸಂಘಟನೆಗಳು ವರ್ಷಗಟ್ಟಲೆ ಧರಣಿ ಕೂರುತ್ತಲೇ ಇವೆ. ಎರಡೂ ಸರ್ಕಾರಿ ಜಾಗ, ಎರಡೂ ಹಳೆಯ ಕಾಗದ. ಯಾವುದಕ್ಕೆ ಬೇಗ ಶಾಸಕರ ಪತ್ರ ಸಿಗುತ್ತದೆ ಅಂತ ನೀವೇ ಊಹಿಸಿ.

ಹಾಗಾದರೆ ಭೂಮಿ ಕಳೆದುಕೊಂಡ ಧಣಿಗಳ ಮಕ್ಕಳು ಏನಾದರು? ಇಲ್ಲೇ ವಿಷಯ ರುಚಿಯಾಗುವುದು. ಅಮೆರಿಕದ ಅಂತರ್ಯುದ್ಧದ ನಂತರ ದಕ್ಷಿಣದ ಗುಲಾಮರ ಒಡೆಯರು ಒಂದೇ ಏಟಿಗೆ ಸಂಪತ್ತಿನ ದೊಡ್ಡ ಪಾಲು ಕಳೆದುಕೊಂಡರು. ಅವರ ವಂಶವನ್ನು ಹಿಂಬಾಲಿಸಿದ ಸಂಶೋಧನೆಯೊಂದು 2021ರಲ್ಲಿ ಪ್ರಕಟವಾಯಿತು. 1900ರ ಹೊತ್ತಿಗೆ ಅವರ ಗಂಡುಮಕ್ಕಳು ಹೆಚ್ಚುಕಡಿಮೆ ಸರಿಗಟ್ಟಿದ್ದರು. 1940ರ ಹೊತ್ತಿಗೆ ಮೊಮ್ಮಕ್ಕಳು ತಮ್ಮ ಸರೀಕರಿಗೆ ಪೂರ್ತಿ ಸರಿಸಾಟಿಯಾಗಿದ್ದರು. ಹೊಲ ಹೋಗಿತ್ತು, ಗುರುತು ಪರಿಚಯ ಹೋಗಿರಲಿಲ್ಲ, ಒಳ್ಳೆಯ ಮನೆತನದ ಸಂಬಂಧ ಹೋಗಿರಲಿಲ್ಲ. ನಮ್ಮ ಧಣಿಗಳನ್ನು ಗುಲಾಮರ ಒಡೆಯರ ಜೊತೆ ಇಟ್ಟು ತೂಗುವುದು ನನ್ನ ಉದ್ದೇಶ ಅಲ್ಲ. ಆದರೆ ಚೇತರಿಕೆಯ ದಾರಿ ನೋಡಿದರೆ ಗುರುತು ಹತ್ತುತ್ತದೆ. ಡಿಕ್ಲರೇಷನಿನಲ್ಲಿ ಗದ್ದೆ ಹೋದ ಮನೆಯ ಹುಡುಗರು ಬೊಂಬಾಯಿಗೆ, ಬೆಂಗಳೂರಿಗೆ ಹೊರಟರು. ಅಲ್ಲಿ ಮೊದಲ ರಾತ್ರಿ ಮಲಗಲು ಊರಿನವರ ಹೋಟೆಲ್ ಇತ್ತು, ಓದಿದವನಿಗೆ ಬ್ಯಾಂಕ್ ಇತ್ತು. ನಷ್ಟದ ನೋವು ದೊಡ್ಡದೇ. ಹಲವು ವಿಧವೆಯರು, ಸಣ್ಣ ಜಮೀನಿನವರು ನಿಜಕ್ಕೂ ಬೀದಿಗೆ ಬಿದ್ದರು, ಅದನ್ನು ಮರೆಯಬಾರದು. ಆದರೂ ಒಟ್ಟಾರೆ ನೋಡಿದರೆ ಆ ಮನೆಗಳ ಮೂರನೇ ತಲೆಮಾರು ಇವತ್ತು ಹಿಂದೆ ಉಳಿದಿಲ್ಲ.

ಬ್ಯಾಂಕಿನ ಮಾತು ಬಂತು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಶುರುವಾಯಿತು, ಅಮ್ಮೆಂಬಳ ಸುಬ್ಬರಾವ್ ಪೈಗಳದು. ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ, ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ. ಕೆಥೊಲಿಕರ ಸಹಕಾರಿ ಬ್ಯಾಂಕ್ 1912ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಆಗಿ ಬೆಳೆದ ಬ್ಯಾಂಕ್ 1925ರಲ್ಲಿ, ಬಂಟರ ಉತ್ಸಾಹದ ವಿಜಯ ಬ್ಯಾಂಕ್ 1931ರಲ್ಲಿ. ಕಾಲು ಶತಮಾನದಲ್ಲಿ ಇಷ್ಟು ಬ್ಯಾಂಕ್ ಹೆತ್ತ ಜಿಲ್ಲೆ ದೇಶದಲ್ಲಿ ಅಪರೂಪ ಅಂತ ನಾವು ಹೆಮ್ಮೆ ಪಡುತ್ತೇವೆ, ಪಡಲಿಕ್ಕೆ ತಕ್ಕದ್ದೇ. ಆದರೆ ಅವು ಸಾಲ ಮಾತ್ರ ಕೊಡಲಿಲ್ಲ, ಎರಡು ಮೂರು ತಲೆಮಾರಿಗೆ ನೌಕರಿ ಕೊಟ್ಟವು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನಿಗೆ ಗುಮಾಸ್ತಿಕೆ, ಅಲ್ಲಿಂದ ಆಫೀಸರ್, ಅಲ್ಲಿಂದ ದಿಲ್ಲಿಗೆ ವರ್ಗ, ಮಕ್ಕಳಿಗೆ ಕೇಂದ್ರೀಯ ವಿದ್ಯಾಲಯ. ಒಂದು ಸಮುದಾಯ ಕಟ್ಟಿದ ಬ್ಯಾಂಕಿನಲ್ಲಿ ಆ ಸಮುದಾಯದವರಿಗೆ ಬಾಗಿಲು ಮೊದಲು ತೆರೆಯುತ್ತಿತ್ತು. ಇದನ್ನು ಯಾರೂ ಗುಟ್ಟಾಗಿ ಇಟ್ಟಿರಲಿಲ್ಲ. 1969 ಮತ್ತು 1980ರಲ್ಲಿ ಇವುಗಳಲ್ಲಿ ದೊಡ್ಡವು ರಾಷ್ಟ್ರೀಕರಣವಾದ ಮೇಲೆ ಮೀಸಲಾತಿ ಬಂತು, ಪರೀಕ್ಷೆ ಬಂತು. ಬೇರೆಯವರ ಮಕ್ಕಳು ಒಳಗೆ ಕಾಲಿಟ್ಟದ್ದು ಆಮೇಲೆಯೇ.

ಬ್ಯಾಂಕು, ಹೋಟೆಲು, ಹಾಸ್ಟೆಲು, ಸಂಘ. ಇವನ್ನು ಕಟ್ಟಿದ ಸಮುದಾಯಕ್ಕೆ ಒಬ್ಬ ಹತ್ತಿದರೆ ಹಗ್ಗ ಕೆಳಗೆ ಬಿಡುವ ಅಭ್ಯಾಸ ಬಂತು. ಚೆಟ್ಟಿ ತಂಡ 2022ರಲ್ಲಿ ಫೇಸ್‌ಬುಕ್ ಗೆಳೆತನಗಳನ್ನು ಎಣಿಸಿ ಕಂಡುಕೊಂಡದ್ದೂ ಇದಕ್ಕೆ ಹತ್ತಿರದ್ದೇ. ಬಡ ಮಕ್ಕಳಿಗೆ ಉಳ್ಳವರ ಗೆಳೆತನ ಎಷ್ಟು ಸಿಗುತ್ತದೋ ಅಷ್ಟು ಅವರು ಮೇಲೆ ಹೋಗುತ್ತಾರೆ.

ನಮ್ಮವರ ಬಲ ಕೆಲವೊಮ್ಮೆ ಕಾಲಿಗೂ ತೊಡರುತ್ತದೆ. ಬೊಂಬಾಯಿಯ ದಾದರ್ ಶಾಲೆಗಳ ಮಕ್ಕಳ ಬಗ್ಗೆ ಕೈವನ್ ಮುನ್ಷಿ ಮತ್ತು ಮಾರ್ಕ್ ರೋಸೆನ್‌ಜ್ವೈಗ್ 2006ರಲ್ಲಿ ಬರೆದದ್ದನ್ನು ಇಲ್ಲಿ ನೆನೆಯಬೇಕು. ಗಿರಣಿ ಕೆಲಸದಲ್ಲಿ ತಮ್ಮ ಜಾತಿಯವರ ಬಳಗ ಇದ್ದ ಕೆಳಜಾತಿಯ ಮನೆಗಳು ಗಂಡುಮಕ್ಕಳನ್ನು ಮರಾಠಿ ಶಾಲೆಗೇ ಹಾಕುತ್ತಿದ್ದವು. ಹೇಗೂ ಕಾಕಾ ಕೆಲಸ ಕೊಡಿಸುತ್ತಾನೆ ಅನ್ನುವ ಧೈರ್ಯ. ಹೆಣ್ಣುಮಕ್ಕಳಿಗೆ ಅಂಥ ಬಳಗ ಇರಲಿಲ್ಲ, ಅವರು ಇಂಗ್ಲಿಷ್ ಶಾಲೆಗೆ ಹೋದರು. ಹೊಸ ಕಾಲ ಬಂದಾಗ ಅವರೇ ಮುಂದೆ ಹೋದರು. ಇದು ಓದಿದಾಗ ನನಗೆ ನೆನಪಾದದ್ದು ನಮ್ಮ ಮೀನುಗಾರಿಕೆಯ ಊರುಗಳು ಮತ್ತು ಗಲ್ಫ್‌ನ ಬ್ಯಾರಿ ಮುಸ್ಲಿಂ ಮನೆಗಳು. ಹುಡುಗ ಪಿಯುಸಿಗೇ ಓದು ಬಿಟ್ಟು ಬೋಟು ಹತ್ತಿದ ಅಥವಾ ವೀಸಾ ಬಂತು ಅಂತ ವಿಮಾನ ಹತ್ತಿದ. ಹುಡುಗಿ ಬಿ.ಕಾಂ. ಮುಗಿಸಿದಳು. ಮಲ್ಪೆಯಿಂದ ಉಳ್ಳಾಲದ ತನಕ ಈ ಜೋಡಿ ಕಾಣಲು ಜಾಸ್ತಿ ಹುಡುಕಬೇಕಾಗಿಲ್ಲ.

ಹುಡುಗಿಯರ ಓದಿನ ಹಿಂದೆ ಬೀಡಿ ಇದೆ. ಗದ್ದೆ ಇಲ್ಲದ, ಬೊಂಬಾಯಿಯಲ್ಲಿ ಯಾರೂ ಇಲ್ಲದ ಮನೆಗೆ ಬಂದ ನಗದು ಅಂದರೆ ಅಮ್ಮ ಜಗಲಿಯಲ್ಲಿ ಕೂತು ಕಟ್ಟಿದ ಬೀಡಿಯದ್ದು. ಬಿಲ್ಲವ, ಕುಲಾಲ, ಮುಸ್ಲಿಂ, ದಲಿತ, ಎಲ್ಲರ ಮನೆಯಲ್ಲೂ ಬೀಡಿ ಕಟ್ಟುವ ಆ ತಡ್ಪೆ (ಮೊರ) ಇತ್ತು. ಸಾಯಂಕಾಲ ಬೀಡಿ ಬ್ರಾಂಚಿಗೆ ಕೊಟ್ಟು ಬಂದರೆ ಮಕ್ಕಳ ಫೀಸು. ಭವಿಷ್ಯ ನಿಧಿ ಇತ್ತು, 1976ರ ಕಾಯ್ದೆಯ ಕಲ್ಯಾಣ ನಿಧಿಯಿಂದ ವಿದ್ಯಾರ್ಥಿವೇತನವೂ ಇತ್ತು. ಕರಾವಳಿಯ ಸಾಕ್ಷರತೆಗೆ ಶಿಲಾಫಲಕ ಹಾಕುವವರು ಸಂಸ್ಥಾಪಕರ ಹೆಸರು ಬರೆಯುತ್ತಾರೆ. ಕೆಮ್ಮುತ್ತಾ ಎಲೆ ಕತ್ತರಿಸಿದ ಹೆಂಗಸರ ಹೆಸರು ಅಲ್ಲಿ ಇರುವುದಿಲ್ಲ.

ದೇಶದ ಮಟ್ಟದ ಲೆಕ್ಕವೂ ಇದೆ. ಸ್ಯಾಮ್ ಆಶರ್, ಪಾಲ್ ನೊವೊಸಾದ್, ಚಾರ್ಲಿ ರಾಫ್ಕಿನ್ ಅಪ್ಪನ ಓದಿನ ಜೊತೆ ಮಗನ ಓದನ್ನು ಇಟ್ಟು ನೋಡಿದರು. ಕಳೆದ ಕೆಲವು ದಶಕಗಳಲ್ಲಿ ಪರಿಶಿಷ್ಟರ ಮಕ್ಕಳ ಮೇಲ್ಚಲನೆ ಹೆಚ್ಚಿದೆ, ಮುಸ್ಲಿಮರದು ಇಳಿದಿದೆ. ಮೀಸಲಾತಿ ಕೆಲಸ ಮಾಡುವುದಿಲ್ಲ ಅನ್ನುವವರು ಮೊದಲ ಅರ್ಧವನ್ನು ಓದಬೇಕು. ಎರಡನೆಯದು ನಮ್ಮ ಜಿಲ್ಲೆಗೆ ನೇರ ತಟ್ಟುತ್ತದೆ. ಗಲ್ಫ್ ಹಣ ಮನೆ ಕಟ್ಟಿಸಿತು, ಕಾಲೇಜುಗಳನ್ನೂ ಕಟ್ಟಿಸಿತು. ಬ್ಯಾರಿ ಹೆಣ್ಣುಮಕ್ಕಳು ಓದಿನಲ್ಲಿ ಅಣ್ಣಂದಿರನ್ನು ದಾಟುತ್ತಿದ್ದ ಹೊತ್ತಿನಲ್ಲೇ, 2021ರ ಕೊನೆಗೆ ಉಡುಪಿಯ ಪಿಯು ಕಾಲೇಜಿನಲ್ಲಿ ಹಿಜಾಬ್ ಜಗಳ ಎದ್ದಿತು. 2022ರ ಮಾರ್ಚ್‌ನಲ್ಲಿ ಹೈಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇಬ್ಭಾಗವಾದರು. ಧರ್ಮದ ಹಕ್ಕು, ಸಮವಸ್ತ್ರದ ಶಿಸ್ತು ಅಂತ ಎರಡೂ ಕಡೆಯವರು ವಾದಿಸಿದರು. ಆ ವರ್ಷ ಪರೀಕ್ಷೆ ತಪ್ಪಿಸಿಕೊಂಡ ಹುಡುಗಿಯ ಮಗಳು ಎಲ್ಲಿ ನಿಲ್ಲುತ್ತಾಳೆ ಅನ್ನುವ ಲೆಕ್ಕ ಯಾರೂ ಹಾಕಲಿಲ್ಲ.

ಓದಿದ ಮೇಲೂ ಹೆಸರು ಅಡ್ಡ ಬರುತ್ತದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಖಾಸಗಿ ಕಂಪೆನಿಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ ನೋಡಿದ್ದರು. ಮೇಲ್ಜಾತಿಯ ಹೆಸರಿಗಿಂತ ದಲಿತ ಹೆಸರಿಗೆ ಕರೆ ಕಡಿಮೆ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ನಮ್ಮ ಊರಲ್ಲಿ ಶೆಟ್ಟಿ, ಪೂಜಾರಿ, ಕಾಮತ್, ಭಟ್, ಡಿಸೋಜ ಅಂತ ಹೆಸರಿನ ಬಾಲವೇ ಎಲ್ಲ ಹೇಳುತ್ತದೆ. ಬಾಡಿಗೆ ಮನೆ ಹುಡುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅಲ್ವಾ?

ಎಲ್ಲಕ್ಕಿಂತ ಕೆಳಗೆ ಕೊರಗರಿದ್ದಾರೆ. ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಅಂತ ಗುರುತಿಸಿದ್ದು ಎರಡೇ ಸಮುದಾಯಗಳನ್ನು, ಜೇನುಕುರುಬರು ಮತ್ತು ಕೊರಗರು. ರಾಜ್ಯದಲ್ಲಿ ಕೊರಗರು ಈಗ ಸುಮಾರು 15 ಸಾವಿರ ಇರಬಹುದು. ಅವರಿಗೆ ಗೇಣಿ ಚೀಟಿ ಇರಲಿಲ್ಲ, ಬೊಂಬಾಯಿಯಲ್ಲಿ ಹೋಟೆಲ್ ಇರಲಿಲ್ಲ, ಬ್ಯಾಂಕಂತೂ ದೂರದ ಮಾತು. ಬುಟ್ಟಿ ಹೆಣೆಯಲು ಬೇಕಾದ ಕಾಡುಬಳ್ಳಿ, ಬಿದಿರಿಗೂ ಅರಣ್ಯ ಇಲಾಖೆಯ ತಡೆ. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವಂಥ ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2000ದಲ್ಲಿ. ಇಸವಿ ಗಮನಿಸಿ. ಬೆಂಗಳೂರಿನಲ್ಲಿ ಆಗಲೇ ಸಾಫ್ಟ್‌ವೇರ್ ಕಂಪೆನಿಗಳು ಎದ್ದು ನಿಂತಿದ್ದವು. ಮಹಮ್ಮದ್ ಪೀರ್ ಸಮಿತಿ 1990ರ ದಶಕದಲ್ಲೇ ಕುಟುಂಬಕ್ಕೆ ಎರಡೂವರೆ ಎಕರೆ ಕೃಷಿ ಭೂಮಿ ಕೊಡಿ ಅಂದಿತ್ತು. ಆ ಎರಡೂವರೆ ಎಕರೆಗಾಗಿ ಇವತ್ತಿಗೂ ಮನವಿ ಪತ್ರ ಬರೆಯುತ್ತಿದ್ದಾರೆ.

ಮೊದಲ ಹೆಜ್ಜೆಗೆ ಹೊರಗಿನ ಕೈ ಬೇಕು ಅಂತ ನೂರು ವರ್ಷದ ಹಿಂದೆಯೇ ತಿಳಿದವರು ಕುದ್ಮುಲ್ ರಂಗರಾಯರು. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಅದಕ್ಕಾಗಿ ಸ್ವಂತ ಸಾರಸ್ವತ ಸಮುದಾಯದ ಬಹಿಷ್ಕಾರ ಉಂಡರು. ತನ್ನ ಶಾಲೆಯಲ್ಲಿ ಓದಿದ ಮಗು ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಾಗಲಿ ಅನ್ನುವುದು ಅವರ ಆಸೆಯಾಗಿತ್ತು ಎಂದು ಇವತ್ತಿಗೂ ಹೇಳುತ್ತಾರೆ. ಪುರಭವನಕ್ಕೆ ಅವರ ಹೆಸರಿಟ್ಟಿದ್ದೇವೆ. ಅವರ ಕೆಲಸದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಬೇರೆ: ಶಾಲೆಯ ಜೊತೆಗೇ ಅವರು ಊಟ, ಕೈಕಸುಬು, ಮನೆಗೆ ಜಾಗ ಇವನ್ನೂ ನೋಡಿಕೊಂಡರು. ಬರೀ ಶಾಲೆ ಸಾಲದು ಅಂತ ಗೊತ್ತಿತ್ತು.

ಈಗಿನ ಸಮೀಕ್ಷೆಗಳು ಜಾತಿ, ಓದು, ಆದಾಯ, ಮನೆಯಲ್ಲಿರುವ ವಸ್ತು, ಎಲ್ಲ ಕೇಳುತ್ತವೆ. ಅದರಿಂದ ಇವತ್ತು ಯಾರು ಎಲ್ಲಿದ್ದಾರೆ ಅಂತ ತಿಳಿಯುತ್ತದೆ. ಚಲನೆ ತಿಳಿಯಬೇಕಾದರೆ ಕೆಲವೇ ಪ್ರಶ್ನೆ ಸಾಕು. ಅಪ್ಪ ಅಮ್ಮ ಎಷ್ಟನೇ ಕ್ಲಾಸು, ಅಜ್ಜ ಅಜ್ಜಿ ಎಷ್ಟು? 1974ರ ಮಾರ್ಚ್‌ನಲ್ಲಿ ಮನೆಯವರು ಧಣಿಯಾ, ಒಕ್ಕಲಾ, ಆಳಾ? ಡಿಕ್ಲರೇಷನ್ ಆಗಿತ್ತಾ, ಆಗಿದ್ದರೆ ಎಷ್ಟು ಎಕರೆ? ಊರು ಬಿಟ್ಟು ಹೋದ ಮೊದಲ ವ್ಯಕ್ತಿಗೆ ಕೆಲಸ ಕೊಡಿಸಿದವರು ಯಾರು? ಉತ್ತರಗಳಲ್ಲಿ ಹಲವು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಭೂ ನ್ಯಾಯ ಮಂಡಳಿಯ ಕಡತಗಳಾಗಿ ಈಗಲೂ ಕಟ್ಟಿಟ್ಟಿವೆ. ಅಜ್ಜಂದಿರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ. ಹತ್ತು ವರ್ಷ ಬಿಟ್ಟು ಕೇಳಲು ಹೋದರೆ ಕಡತ ಮಾತ್ರ ಸಿಗಬಹುದು, ಗೆದ್ದಲು ಬಿಟ್ಟರೆ.